ಮಧ್ಯಂತರದ ಬಾಗಿಲು

“ನೀನು ಬಾಯಿ ಕಣಯ್ಯಾ. ಬಾಯಿಗೆ ಅಭಿಪ್ರಾಯ ಇರಬಾರದು.”

ಸಿನಿಮಾ ಕಂಪನಿಗೆ ಕಥೆ ಕಟ್ಟಿಕೊಡುವ ಪ್ರೊಫೆಸರ್ ಇದನ್ನು ಹೇಳಿದ್ದು ಬೆಳಿಗ್ಗೆ ಹತ್ತೂವರೆಗೆ, ಹನ್ನೊಂದು ಜನರ ಎದುರಿಗೆ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು. ಹೇಳಿದವನೇ ಗೋಡೆಯ ಕಡೆ ತಿರುಗಿದ. ತಿರುಗಿದ್ದೇ ಹೆಚ್ಚು ಚುಚ್ಚಿತು. ಬೈದವನು ಮುಖ ನೋಡುತ್ತಾ ನಿಂತಿದ್ದರೆ ಅದೊಂದು ಜಗಳವಾದರೂ ಆಗುತ್ತಿತ್ತು. ಇದು ಅಂಗಿಯ ಮೇಲೆ ಕೂತ ನೊಣವನ್ನು ಕೊಡವಿದ ಹಾಗಿತ್ತು. ನಿರ್ದೇಶಕ ಮೊದಲು ನಕ್ಕ. ನಿರ್ದೇಶಕ ನಕ್ಕನೆಂದು ಉಳಿದವರು ನಕ್ಕರು. ಉಳಿದವರು ನಕ್ಕರೆಂದು ಬೈಸಿಕೊಂಡ ಅವನೂ ನಕ್ಕ. ಆಮೇಲೆ ಗಂಟೆಗಟ್ಟಲೆ ಅವನನ್ನು ಕಾಡಿದ್ದು ಪ್ರೊಫೆಸರನ ಮಾತಲ್ಲ, ತನ್ನದೇ ಆ ನಗು. ಯಾರು ಕಲಿಸಿದ್ದರು ಅದನ್ನು? ಹಲ್ಲು ಕಾಣಿಸಿ, ತಲೆ ಸ್ವಲ್ಪ ಬಗ್ಗಿಸಿ, ‘ಹೌದು ಸಾರ್, ನಾನೂ ಒಬ್ಬ’ ಎನ್ನುವ ಹಾಗೆ ನಗುವುದನ್ನು ಯಾವ ಶಾಲೆಯಲ್ಲಿಯೂ ಹೇಳಿಕೊಡುವುದಿಲ್ಲ. ಹೇಳಿಕೊಡುವಂತಿದ್ದರೆ ಆ ಒಂದು ವಿಷಯದಲ್ಲಾದರೂ ಅವನು ಪಾಸಾಗುತ್ತಿದ್ದ.

ಅವನ ಕೆಲಸ ಕಥೆ ಹೇಳುವುದು. ಬರೆಯುವುದಲ್ಲ, ಹೇಳುವುದು. ಹೀರೋಗಳು ಓದುವುದಿಲ್ಲ, ಬಂಡವಾಳ ಹಾಕುವವರು ಅವರಿಗಿಂತ ಕಡಿಮೆ ಓದುತ್ತಾರೆ. ಅವರ ಎದುರು ಕೂತು, ಇನ್ನೂ ಹುಟ್ಟದ ಸಿನಿಮಾವನ್ನು ಗುಂಡಿನ ಸದ್ದು, ಗಾಜು ಒಡೆಯುವುದು, ಜೀಪು ತಿರುಗುವುದು, ನಾಯಕಿ ಉಸಿರೆಳೆದುಕೊಳ್ಳುವುದು ಸಮೇತ ಒಂದೇ ಗಂಟಲಿನಲ್ಲಿ ಮಾಡಿ ತೋರಿಸುವ ಒಬ್ಬ ಬೇಕು. ಈ ಕಂಪನಿಗೆ ಅವನು ಇದ್ದ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ರೇಡಿಯೋ ಅನ್ನುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ; ಬಿಟ್ಟ ದಿನ ಮನೆಯಲ್ಲೂ ಯಾರೂ ಅಳಲಿಲ್ಲ, ಶಾಲೆಯಲ್ಲೂ ಯಾರೂ ಅಳಲಿಲ್ಲ. ಅಕ್ಷರಗಳೆಲ್ಲ ಗೊತ್ತು, ಆದರೆ ಕೂಡಿಸಿ ಓದುವಾಗ ತುಟಿ ಅಲ್ಲಾಡುತ್ತಿತ್ತು. ಅದನ್ನು ಮುಚ್ಚಿಡಲಿಕ್ಕೆಂದೇ ಒಮ್ಮೆ ಕೇಳಿದ್ದನ್ನು ಮರೆಯದೆ ಇರುವುದನ್ನು ರೂಢಿ ಮಾಡಿಕೊಂಡಿದ್ದ. ಜನ ಅದನ್ನು ಪ್ರತಿಭೆ ಅಂದರು. ಇವತ್ತು ನಾಲ್ಕು ಗಂಟೆಗೆ ಹೀರೋ ಮನೆಯಲ್ಲಿ ಈ ಕಥೆ ಹೇಳಬೇಕು. ಹೀರೋ ತಲೆಯಾಡಿಸಿದರೆ ಬರುವ ತಿಂಗಳು ಚಿತ್ರೀಕರಣ, ತೆರೆಯ ಮೇಲೆ ‘ಮೂಲ ಎಳೆ’ ಎಂದು ಅವನ ಹೆಸರು, ರೇಡಿಯೋ ಅಲ್ಲ, ನಿಜವಾದ ಹೆಸರು. ಇಪ್ಪತ್ನಾಲ್ಕು ವರ್ಷಕ್ಕೆ ಮೊದಲ ಸಲ ಆ ಹೆಸರನ್ನು ಯಾರಾದರೂ ದೊಡ್ಡ ಅಕ್ಷರದಲ್ಲಿ ಬರೆಯುವವರಿದ್ದರು.

ಅವನು ಕೇಳಿದ್ದಾದರೂ ಏನು? ಒಂದು ಚೀಟಿಯಲ್ಲಿ ಒಂದು ಸಾಲು ಅಳಿಸಿ ಅಂದಿದ್ದ. ಗೋಡೆಯ ಈ ತುದಿಯಿಂದ ಆ ತುದಿಗೆ ಚೀಟಿಗಳಿದ್ದವು. ನಾಯಕನಿಗೆ ಹಳದಿ, ದಾರಿ ತೋರಿಸುವ ಮುದುಕನಿಗೆ ನೀಲಿ, ನಗಿಸುವ ಗೆಳೆಯನಿಗೆ ಹಸಿರು, ನಾಯಕನಿಗಾಗಿ ಸಾಯುವವನಿಗೆ ಬೂದು, ದ್ರೋಹಿಗೆ ಕೆಂಪು. ನಡುವೆ ಒಂದು ಮೊಳೆಯಿಂದ ಕಪ್ಪು ದಾರ ಇಳಿಬಿಟ್ಟಿದ್ದರು, ಅದು ಮಧ್ಯಂತರ. ಕಥೆ ಇಷ್ಟೇ: ನೀರು ನುಗ್ಗುವ ಹಳೆಯ ಸುರಂಗದೊಳಗೆ ಮುಳುಗಿಹೋದ ನಿಧಿ, ಅದನ್ನು ಹುಡುಕಿಕೊಂಡು ಹೋಗುವ ಏಳು ಜನ, ದಾರಕ್ಕೆ ಸರಿಯಾಗಿ ನಾಯಕನನ್ನೂ ಇನ್ನಿಬ್ಬರನ್ನೂ ಒಳಗೆ ಬಿಟ್ಟು ಕಬ್ಬಿಣದ ಬಾಗಿಲು ಹಾಕುವ ಒಬ್ಬ ದ್ರೋಹಿ. ದಾರದ ಎಡಕ್ಕೆ ಅಂಟಿದ್ದ ಕೊನೆಯ ಕೆಂಪು ಚೀಟಿಯಲ್ಲಿ ಎರಡು ಸಾಲುಗಳಿದ್ದವು. ಬಾಗಿಲು ಮುಚ್ಚುತ್ತಾನೆ. ಡಬ್ಬಿ ತೆಗೆದು ಉಣ್ಣುತ್ತಾನೆ.

“ಸಾರ್, ಬಾಗಿಲು ಹಾಕೋದು ಇರ್ಲಿ. ಉಣ್ಣೋದೊಂದು ತೆಗೆದುಬಿಡೋಣ” ಎಂದಿದ್ದ.

“ಯಾಕೆ?”

“ಚೆನ್ನಾಗಿಲ್ಲ ಸಾರ್.”

“ಚೆನ್ನಾಗಿಲ್ಲ!” ಪ್ರೊಫೆಸರ್ ಕೋಣೆಯತ್ತ ಕೈ ಚಾಚಿದ. “ಕೇಳಿದ್ರಾ? ಇಡೀ ಸಿನಿಮಾದಲ್ಲಿ ಇರೋದೇ ಅದೊಂದು ಚಿನ್ನ. ಅದೂ ನೀನೇ ಕೊಟ್ಟಿದ್ದು. ಈಗ ಚೆನ್ನಾಗಿಲ್ಲ! ಎಲ್ಲಿ, ಆ ಚೀಟಿ ಒಂದ್ಸಲ ಜೋರಾಗಿ ಓದು ನೋಡೋಣ.”

ಅವನು ಓದಲಿಲ್ಲ. ಆ ಎರಡು ಸಾಲು ಅವನಿಗೆ ಬಾಯಿಪಾಠ. ಓದುವ ಅಗತ್ಯವೇ ಇರಲಿಲ್ಲ. ಆದರೆ ಕೋಣೆ ಕಾಯುತ್ತಿತ್ತು, ಅವನ ತುಟಿ ಅಲ್ಲಾಡುವುದನ್ನು ನೋಡಲು ಕಾಯುತ್ತಿತ್ತು, ಅಷ್ಟಕ್ಕೇ ಅವನು ಚೀಟಿಯಿಂದ ಕಣ್ಣು ತೆಗೆದ. ಆಗಲೇ ಪ್ರೊಫೆಸರ್ ಬಾಯಿಯ ಮಾತು ಆಡಿದ್ದು.

ಆಮೇಲೆ ಅವನನ್ನು ಯಾರೂ ಹೊರಗೆ ಹೋಗು ಅನ್ನಲಿಲ್ಲ. ಅವನು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತೇ ಇದ್ದ, ಪ್ರೊಫೆಸರ್ ಎಂದಿನ ಪಾಠ ಶುರುಮಾಡಿದ. ಲೋಕದ ಕಥೆಗಳೆಲ್ಲ ಒಂದೇ ಕಥೆಯಂತೆ. ಮೊದಲು ನಾಯಕನಿಗೆ ಕರೆ ಬರುತ್ತದೆ. ಅವನು ಒಲ್ಲೆ ಅನ್ನುತ್ತಾನೆ. ಮುದುಕ ಬರುತ್ತಾನೆ, ಬುದ್ಧಿ ಹೇಳುತ್ತಾನೆ, ಹೇಳಿ ಸರಿಯಾದ ಹೊತ್ತಿಗೆ ಸಾಯುತ್ತಾನೆ. ನಾಯಕ ಹೊಸ್ತಿಲು ದಾಟುತ್ತಾನೆ. ಗವಿಯೊಳಗೆ ಸತ್ತ ಹಾಗೆ ಆಗಿ ಬದುಕಿ ಬರುತ್ತಾನೆ. ಈ ಪಾಠವನ್ನು ಅವನು ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು, ಸುಳ್ಳಲ್ಲ. ಈಗ ಕೇಳುತ್ತಾ ಕೂತಿದ್ದರೆ ಒಂದೊಂದು ಮಾತಿಗೂ ಒಳಗಿನಿಂದ ಒಬ್ಬ ಎದ್ದು ಅಂಗಿಯ ಕಾಲರು ಹಿಡಿಯುತ್ತಿದ್ದ. ಯಾವ ಕರೆ? ಸುರಂಗದಲ್ಲಿ ದುಡಿದ ತನ್ನ ಅಣ್ಣನಿಗೆ ಯಾವ ಕರೆಯೂ ಬಂದಿರಲಿಲ್ಲ, ಪಾಳಿ ಚೀಟಿ ಬಂದಿತ್ತು. ಒಲ್ಲೆ ಅನ್ನುವುದಕ್ಕೆ ನಾಯಕನಿಗೆ ಹತ್ತು ನಿಮಿಷ ಕೊಡುತ್ತೀರಿ, ಬೆಟ್ಟದ ತುದಿಯಲ್ಲಿ ನಿಲ್ಲಿಸಿ ಗಾಳಿಗೆ ಕೂದಲು ಹಾರಿಸುತ್ತೀರಿ. ಅಣ್ಣ ಒಲ್ಲೆ ಅಂದಿದ್ದರೆ ಮರುದಿನ ಆ ಜಾಗಕ್ಕೆ ಇನ್ನೊಬ್ಬ ನಿಲ್ಲುತ್ತಿದ್ದ, ಅಷ್ಟೆ. ಒಲ್ಲೆ ಅನ್ನುವ ಸೌಕರ್ಯ ಇದ್ದವನಿಗೆ ಮಾತ್ರ ಹಳದಿ ಚೀಟಿ. ಉಳಿದವರಿಗೆ ಏನಿದೆ ನಿಮ್ಮ ಗೋಡೆಯಲ್ಲಿ? ಕೂಲಿ ಮಾಡುವವನು ಬಂದರೆ ಒಂದೋ ನಗಿಸಬೇಕು, ಇಲ್ಲ ನಾಯಕನ ಕಡೆ ಬಂದ ಗುಂಡಿಗೆ ಎದೆಯೊಡ್ಡಬೇಕು, ಎರಡೂ ಆಗದಿದ್ದರೆ ದ್ರೋಹ ಮಾಡಬೇಕು. ಹಸಿರು, ಬೂದು, ಕೆಂಪು. ಸುಮ್ಮನೆ ಕೆಲಸ ಮಾಡಿ ಮನೆಗೆ ಹೋಗುವವನಿಗೆ ಬಣ್ಣವೇ ಇಲ್ಲ.

ಅವನು ಕಿಟಕಿಯ ಗಾಜಿನ ಮೇಲೆ ಯಾರೋ ಒತ್ತಿದ ಬೆರಳಿನ ಗುರುತನ್ನು ತನ್ನ ಬೆರಳಿನಿಂದ ಒರೆಸಲು ನೋಡಿದ. ಗುರುತು ಆಚೆ ಬದಿಯಲ್ಲಿತ್ತು. ಇದನ್ನೆಲ್ಲ ಹೇಳಲು ಅವನಿಗೆ ಬಾಯಿ ಇತ್ತು, ಮುಖವಿರಲಿಲ್ಲ. ಆ ಚಿನ್ನವನ್ನು ಕೊಟ್ಟವನು ಅವನೇ ಅಲ್ಲವೇ. ಒಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಯಾರಿಗೂ ಏನೂ ಹೊಳೆಯದೆ ಎಲ್ಲರೂ ಆಕಳಿಸುತ್ತಿದ್ದ ಮಧ್ಯಾಹ್ನ, “ನಮ್ಮಣ್ಣನ ಕಥೆ ಒಂದಿದೆ ಸಾರ್” ಎಂದು ತಾನೇ ಎದ್ದು ನಿಂತಿದ್ದ. ನೀರು ಒಯ್ಯುವ ಸುರಂಗದ ಕೆಲಸ. ಒಳಗೆ ಇಪ್ಪತ್ತೊಂಬತ್ತು ಜನ. ನಡುವೆ ಕಬ್ಬಿಣದ ಬಾಗಿಲು, ಅದನ್ನು ಮುಚ್ಚುವುದಕ್ಕೊಂದು ಚಕ್ರ, ಚಕ್ರದ ಹತ್ತಿರ ಅಣ್ಣ. ಗೋಡೆಯ ಮೇಲಿನ ಕೆಂಪು ಗೆರೆಗೆ ನೀರು ಮುಟ್ಟಿದರೆ ಬಾಗಿಲು ಹಾಕಬೇಕು, ಯಾರಿಗೂ ಕಾಯಬಾರದು, ಅದು ನಿಯಮ. ನೀರು ಮುಟ್ಟಿತು. ಇಪ್ಪತ್ತಾರು ಜನ ದಾಟಿದ್ದರು. ಮೂವರು ಯಂತ್ರದ ಹತ್ತಿರ ಹಿಂದೆ ಉಳಿದಿದ್ದರು. ಅಣ್ಣ ಚಕ್ರ ತಿರುಗಿಸಿದ, ನಲವತ್ತೊಂದು ಸುತ್ತು. ಕೋಣೆ ಉಸಿರು ಹಿಡಿದಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಮೌನದಲ್ಲಿ ಒಂದು ರುಚಿ ಇದೆ, ಕಥೆ ಹೇಳುವವರಿಗೆ ಮಾತ್ರ ಗೊತ್ತಿರುವ ರುಚಿ, ಇನ್ನೂ ಒಂದು ಹನಿ ಬೇಕು ಅನಿಸುತ್ತದೆ. “ಬಾಗಿಲು ಹಾಕಿ ಏನ್ಮಾಡಿದ ಗೊತ್ತಾ ಸಾರ್? ಅಲ್ಲೇ ಕೂತು ಡಬ್ಬಿ ತೆಗೆದು ಊಟ ಮಾಡಿದ” ಎಂದಿದ್ದ. ನಿರ್ದೇಶಕ ಭಲೇ ಎಂದು ತೊಡೆ ತಟ್ಟಿದ್ದ. ಆ ಭಲೇಗೋಸ್ಕರ. ಬೇರೆ ಯಾವುದಕ್ಕೂ ಅಲ್ಲ, ಆ ಒಂದು ಭಲೇಗೋಸ್ಕರ. ಪ್ರೊಫೆಸರ್ ಮಾತ್ರ ಕೆಂಪು ಚೀಟಿಗೆ ಕೈ ಹಾಕಿದ್ದ. “ಜೊತೆಗಾರರ ಮೇಲೆ ಬಾಗಿಲು ಹಾಕಿ ಉಣ್ಣೋನು ಒಳ್ಳೆಯವನಾಗೋಕೆ ಸಾಧ್ಯವೇ ಇಲ್ಲ. ಜನಕ್ಕೆ ದ್ವೇಷ ಮಾಡೋಕೆ ಒಂದು ಮುಖ ಬೇಕು. ಸಿಕ್ತು.”

ಅವತ್ತೂ ಅವನು ನಕ್ಕಿದ್ದನೇ? ನೆನಪಾಗಲಿಲ್ಲ. ನಕ್ಕಿದ್ದಿರಬೇಕು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನೇರ ಅಣ್ಣನ ಮನೆಗೆ ಹೋದ. ಕಂಪನಿಯಿಂದ ಇಪ್ಪತ್ತು ನಿಮಿಷದ ದಾರಿ, ಹದಿಮೂರು ನಿಮಿಷದಲ್ಲಿ ನಡೆದ. ಅಣ್ಣ ಮುಂದಿನ ಕೋಣೆಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುತ್ತಿದ್ದ. ಸುರಂಗ ಬಿಟ್ಟ ಮೇಲೆ ಇದೇ ಕೆಲಸ. ತಾಮ್ರದ ತಂತಿ ಎಡಗೈಯಿಂದ ಬಲಗೈಗೆ ಹೋಗುತ್ತದೆ, ಬಲಗೈ ತಿರುಗುತ್ತದೆ, ತುಟಿ ಎಣಿಸುತ್ತದೆ. ಎಣಿಕೆ ತಪ್ಪಿದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಬೇಕು, ಆದ್ದರಿಂದ ಅಣ್ಣ ಸುತ್ತುವಾಗ ಮನೆಯಲ್ಲಿ ಯಾರೂ ಸಂಖ್ಯೆ ಉಚ್ಚರಿಸುವ ಹಾಗಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ ಅತ್ತಿಗೆ ಗಡಿಯಾರದ ಕಡೆ ಬೆರಳು ತೋರಿಸುತ್ತಾಳೆ. ಮನೆಯಲ್ಲಿ ಇಂಥವು ಇನ್ನೂ ಇದ್ದವು. ಅಣ್ಣ ಬಚ್ಚಲಿಗೆ ಹೋದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಒಳಗೆ ತಾನಿದ್ದೇನೆಂದು ತಿಳಿಯಲಿ ಅಂತ ದೊಡ್ಡ ದನಿಯಲ್ಲಿ, ಭಯಂಕರವಾಗಿ, ಹಾಡುತ್ತಾನೆ. “ನಿಮ್ಮಣ್ಣ ಸ್ನಾನಕ್ಕೆ ಹೋದ್ರೆ ಬೀದಿಗೇ ಗೊತ್ತಾಗುತ್ತೆ” ಎಂದು ಅತ್ತಿಗೆ ನಗುತ್ತಾಳೆ. ನಗುತ್ತಲೇ ಇಷ್ಟು ವರ್ಷ ಕಳೆದಿದ್ದಾಳೆ.

“ಏನೋ ಮೈದುನ, ಇವತ್ತೇ ಅಲ್ವಾ ಹೀರೋ ದರ್ಶನ? ಮುಖ ಯಾಕೆ ಹಿಂಡಿದ ಬಟ್ಟೆ ಆಗಿದೆ?” ಎಂದಳು ಅತ್ತಿಗೆ.

“ಬಿಸಿಲು.”

“ಬಿಸಿಲು ನಮಗೂ ಇದೆ. ಕೂತ್ಕೋ, ಬಡಿಸ್ತೀನಿ.”

ಕೂತ. ಅಣ್ಣನ ಬಲಗೈ ನೋಡುತ್ತಾ ಕೂತ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಸಿದ್ಧ ಮಾಡಿಕೊಂಡು ಬಂದಿದ್ದ: ಅಣ್ಣಾ, ನಿನ್ನನ್ನ ದ್ರೋಹಿ ಮಾಡಿದ್ದಾರೆ, ಮಾಡಿಸಿದ್ದು ನಾನು. ಆ ಕೈ ತಿರುಗುತ್ತಿರುವವರೆಗೆ ಹೇಳುವ ಹಾಗಿಲ್ಲ. ತಿರುಗುತ್ತಲೇ ಇರಲಿ ಅನಿಸಿತು. ಅಷ್ಟರಲ್ಲಿ ಎದುರುಮನೆಯಾಕೆ ಕತ್ತರಿ ವಾಪಸು ಕೊಡಲು ಬಂದಳು. ಅವಳನ್ನು ನೋಡಿದ ಕೂಡಲೇ ಅವನು ತಟ್ಟೆಯ ಕಡೆ ಬಗ್ಗಿದ. ಒಳಗೆ ಉಳಿದ ಮೂವರಲ್ಲಿ ಒಬ್ಬನ ಹೆಂಡತಿ ಅವಳು. ಹೊಲಿಗೆ ಮಾಡುತ್ತಾಳೆ. ಈ ಹೀರೋನ ಯಾವ ಸಿನಿಮಾ ಬಂದರೂ ಮೊದಲ ವಾರವೇ ನೋಡುತ್ತಾಳೆ, ಅಳುವ ಕಡೆ ಶಿಳ್ಳೆ ಹೊಡೆಯುತ್ತಾಳೆ ಎಂದು ಅತ್ತಿಗೆ ಹೇಳುತ್ತಿದ್ದಳು.

“ಏನೋ ರೇಡಿಯೋ, ನಮ್ಮ ಹೀರೋಗೇ ಕಥೆ ಹೇಳ್ತೀಯಂತೆ? ಸುರಂಗದ ಕಥೆಯಂತೆ?”

“ಹೂಂ ಅಕ್ಕಾ. ಸುಮ್ನೆ... ನಿಧಿ ಗಿಧಿ.”

“ನಿಧಿ ಎಲ್ಲಿತ್ತೋ ಅಲ್ಲಿ, ಕೆಸರು ಬಿಟ್ರೆ!” ಅವಳು ನಕ್ಕಳು. ಆಮೇಲೆ ಕತ್ತರಿಯನ್ನು ಅತ್ತಿಗೆಯ ಕೈಗಿಟ್ಟು, ಹೊರಡುವವಳು ನಿಂತಳು. “ನಮ್ಮವರ ಹಾಗೆ ಒಬ್ಬರನ್ನ ಹಾಕು. ಮಾತಾಡೋದು ಬೇಡ, ಅವರು ಮಾತಾಡ್ತಾ ಇರ್ಲಿಲ್ಲ. ಸುಮ್ನೆ ಊಟ ಮಾಡ್ತಾ ಕೂತಿರ್ಲಿ. ಅದೊಂದು ಸಮಾಧಾನ ನಂಗೆ. ಡಬ್ಬಿ ಖಾಲಿ ಬಂತಲ್ಲ. ಹಸ್ಕೊಂಡು ಹೋಗ್ಲಿಲ್ಲ.”

ಅಣ್ಣನ ಕೈ ನಿಂತಿತು. ತುಟಿಯೂ ನಿಂತಿತು. ಅವಳು ಹೋದ ಮೇಲೂ ತಂತಿ ಗಾಳಿಯಲ್ಲಿ ಹಾಗೇ ಬಿಗಿಯಾಗಿ ನಿಂತಿತ್ತು.

ಆ ಡಬ್ಬಿ ಹೇಗೆ ಖಾಲಿಯಾಯಿತೆಂಬುದು ಅವನಿಗೂ ಅಣ್ಣನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅತ್ತಿಗೆಗೂ ಇಲ್ಲ. ಕಂಪನಿಯ ಕೋಣೆಯಲ್ಲಿ ಉಂಡ ಎಂದು ಹೇಳಿದ್ದ, ಅಷ್ಟೆ; ಪೂರ್ತಿ ಹೇಳಿರಲಿಲ್ಲ. ಎಲ್ಲರ ಡಬ್ಬಿಗಳೂ ಒಂದೇ ಅಂಗಡಿಯವು, ಬಾಗಿಲಿನ ಈಚೆ ಸಾಲಾಗಿ ಮೊಳೆಗಳಿಗೆ ತೂಗುಹಾಕಿರುತ್ತಿದ್ದವು. ಯಾವುದು ಯಾರದು ಎನ್ನುವುದು ಮೊಳೆಯಿಂದ ಗೊತ್ತಾಗಬೇಕು, ಡಬ್ಬಿಯಿಂದಲ್ಲ. ಅವತ್ತು ಯಾರೋ ಅವಸರದಲ್ಲಿ ಮೊಳೆ ಬದಲಾಯಿಸಿದ್ದರು. ಬಾಗಿಲು ಹಾಕಿದ ಮೇಲೆ ಅಣ್ಣನಿಗೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲವಂತೆ. ಅವು ಇನ್ನೂ ತಿರುಗುತ್ತಿದ್ದವಂತೆ. ತನ್ನ ಮೊಳೆಯಿಂದ ಡಬ್ಬಿ ತೆಗೆದು ಒಂದು ತುತ್ತು ಬಾಯಿಗಿಟ್ಟುಕೊಂಡ. ಉಪ್ಪು ಕಮ್ಮಿ ಇತ್ತು. ಎರಡನೇ ತುತ್ತಿಗೆ ಗೊತ್ತಾಯಿತು. ಎದುರುಮನೆಯಲ್ಲಿ ಉಪ್ಪು ಕಮ್ಮಿ, ಅದು ಕೆಲಸದವರಿಗೆಲ್ಲ ಗೊತ್ತಿದ್ದ ತಮಾಷೆ. ಬಾಗಿಲಿನ ಆಚೆ ಇದ್ದವನ ಊಟ. “ಬಿಸಾಕೋಕೆ ಆಗ್ಲಿಲ್ಲ ಕಣೋ. ಮುಚ್ಚಿಡೋಕೂ ಆಗ್ಲಿಲ್ಲ. ಪೂರ್ತಿ ಉಂಡೆ” ಎಂದಿದ್ದ ಅಣ್ಣ, ಮೂರು ವರ್ಷದ ಹಿಂದೆ, ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ, ಬೇರೆ ಯಾವುದೋ ಊರಿನ ಬಸ್ಸನ್ನು ನೋಡುತ್ತಾ. ತೊಳೆದು ಎದುರುಮನೆಗೆ ತಂದುಕೊಟ್ಟನಂತೆ. ಅವಳು ಮುಚ್ಚಳ ತೆಗೆದು, “ಉಂಡಿದ್ದಾರೆ ಹಾಗಾದ್ರೆ” ಅಂದಳಂತೆ. ಅಣ್ಣ ಹೂಂ ಅಂದನಂತೆ.

ಅತ್ತಿಗೆ ಒಳಗೆ ಹೋದಾಗ ಅಣ್ಣ ತಂತಿಯನ್ನು ಮೆಲ್ಲಗೆ ಬಿಚ್ಚತೊಡಗಿದ. ಎಣಿಕೆ ತಪ್ಪಿತ್ತು.

“ಆ ಡಬ್ಬಿ ವಿಷಯ ಅಲ್ಲಿ ಹೇಳಿಲ್ಲ ತಾನೆ?”

“ಇಲ್ಲ.”

“ಗೊತ್ತು ನನಗೆ. ಸುಮ್ನೆ ಕೇಳ್ದೆ.” ಅಣ್ಣನ ಮುಖದಲ್ಲಿ ನಾಚಿಕೆಯಂಥದ್ದು ಬಂತು. “ನನ್ನ ಪಾತ್ರ ಯಾರು ಮಾಡ್ತಾರೋ?”

“ಇನ್ನೂ ಗೊತ್ತಿಲ್ಲ.”

“ದಪ್ಪಗಿರೋರನ್ನ ಹಾಕ್ಬೇಡಿ” ಎಂದು ಒಳಗಿನಿಂದ ಅತ್ತಿಗೆ ಕೂಗಿದಳು. “ಹೀರೋನೇ ಮಾಡ್ಲಿ. ನಾನೂ ಒಂದ್ಸಲ ಹೀರೋ ಹೆಂಡ್ತಿ ಅಂತ ಓಡಾಡ್ತೀನಿ.” ಅಣ್ಣ ನಕ್ಕ. ತಂತಿ ಬಿಚ್ಚುತ್ತಾ, ತಲೆ ಬಗ್ಗಿಸಿ, ನಿಜವಾಗಿ ನಕ್ಕ. ಆ ನಗುವನ್ನು ಅವನು ನೋಡಬಾರದಿತ್ತು. ಅರ್ಧ ತಟ್ಟೆಯಲ್ಲೇ ಎದ್ದು ಕೈ ತೊಳೆದ. ಬಯ್ಯಲಿಕ್ಕೆ ಯಾರಾದರೂ ಬೇಕಿತ್ತು. ರಸ್ತೆ ದಾಟುವಾಗ ಹಾರ್ನು ಹೊಡೆದ ಕಾರಿನವನನ್ನು ಅವನ ಅಪ್ಪ ಅಜ್ಜನ ತನಕ ಬೈದ. ಕಾರಿನ ಗಾಜು ಏರಿಸಿತ್ತು, ಕೇಳಿಸಲಿಲ್ಲ.

ಹೀರೋ ಮನೆಯ ಹಜಾರದಲ್ಲಿ ಹಗಲಲ್ಲೂ ದೀಪಗಳು ಉರಿಯುತ್ತಿದ್ದವು. ಹೀರೋ ಸೋಫಾದ ಮೇಲೆ ಕಾಲು ಚಾಚಿ, ಊದಿದ ಮೊಣಕಾಲಿಗೆ ಐಸಿನ ಚೀಲ ಕಟ್ಟಿಸಿಕೊಂಡು ಮಲಗಿದ್ದ. ತೆರೆಯ ಮೇಲೆ ಇರುವುದಕ್ಕಿಂತ ಗಿಡ್ಡ, ಸುಸ್ತಾದ ಕಣ್ಣು. ನಿರ್ದೇಶಕ ಕುರ್ಚಿಯ ತುದಿಯಲ್ಲಿ ಕೂತಿದ್ದ. ಪ್ರೊಫೆಸರ್ ಚೀಟಿಗಳ ನಕಲು ಬರೆದ ಫೈಲು ತೊಡೆಯ ಮೇಲಿಟ್ಟುಕೊಂಡಿದ್ದ. ಇಲ್ಲಿ ಆ ಮನುಷ್ಯನೂ ತಲೆಯನ್ನು ಸ್ವಲ್ಪ ಬಗ್ಗಿಸಿಕೊಂಡೇ ಇದ್ದ, ಅದನ್ನು ನೋಡಿ ಅವನಿಗೆ ಒಂದು ಕ್ಷಣ ಸಂತೋಷವಾಯಿತು, ಮರುಕ್ಷಣ ಹೇಸಿಗೆಯಾಯಿತು.

“ಬೋರು ಹೊಡೆಸಿದ್ರೆ ನಿದ್ದೆ ಮಾಡ್ಬಿಡ್ತೀನಿ ತಮ್ಮಾ, ಬೇಜಾರು ಮಾಡ್ಕೋಬೇಡ” ಎಂದ ಹೀರೋ. “ಮೂರು ಕಥೆಗೆ ಮಾಡಿದ್ದೀನಿ ಈ ವಾರ.”

ಅವನು ಶುರುಮಾಡಿದ. ಶುರುಮಾಡಿದ ಮೇಲೆ ಅವನ ಕೈಯಲ್ಲಿ ಏನೂ ಇರುವುದಿಲ್ಲ. ಗಂಟಲು ತಾನೇ ಜೀಪಾಯಿತು, ತಾನೇ ನಾಯಿಯಾಯಿತು, ಕಲ್ಲು ಜಾರಿತು, ಹಗ್ಗ ಹರಿಯಿತು. ಹಸಿರು ಚೀಟಿಯವನ ಜೋಕಿಗೆ ಹೀರೋ ಐಸಿನ ಚೀಲ ಬೀಳುವ ಹಾಗೆ ನಕ್ಕ. ಪ್ರೊಫೆಸರ್ ಫೈಲಿನಲ್ಲಿ ಒಂದೊಂದು ಚೀಟಿಗೂ ಸಣ್ಣ ಗೀಟು ಹಾಕುತ್ತಾ ಬಂದ. ಎಷ್ಟು ಚೆನ್ನಾಗಿ ಹೇಳುತ್ತಿದ್ದೇನೆ ಎಂದು ಅವನಿಗೇ ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಷ್ಟೂ ಕಥೆ ಏರುತ್ತಿತ್ತು. ಸುರಂಗದೊಳಗೆ ನೀರು ಬಂದಾಗ ಅವನು ನೀರಿನ ಸದ್ದು ಮಾಡಲಿಲ್ಲ. ಸುಮ್ಮನಾದ. ನೀರು ಮೊದಲು ಸದ್ದು ಮಾಡುವುದಿಲ್ಲ, ಗಾಳಿ ತಣ್ಣಗಾಗುತ್ತದೆ ಎಂದು ಅಣ್ಣ ಹೇಳಿದ್ದ. ಹೀರೋ ಎದ್ದು ಕೂತ.

“ಗೆರೆ ಮುಟ್ತು. ಇವನು ಚಕ್ರಕ್ಕೆ ಕೈ ಹಾಕ್ದ” ಎಂದು ಅವನು ಕೈ ಎತ್ತಿ ತಿರುಗಿಸತೊಡಗಿದ. ಇನ್ನೂರು ಸಲ ಅಭ್ಯಾಸ ಮಾಡಿದ್ದ ದೃಶ್ಯ, ನಾಲ್ಕು ಸುತ್ತು ತಿರುಗಿಸಿ ‘ಧಡ್’ ಎನ್ನಬೇಕು. ಅವನು ನಿಲ್ಲಿಸಲಿಲ್ಲ. ಐದು, ಹತ್ತು, ಹದಿನೈದು. ಯಾರೂ ಅಲ್ಲಾಡಲಿಲ್ಲ. ಎಡಗೈ ತುಸು ಹಿಂದೆ, ಬಲಗೈ ಮುಂದೆ, ಮಣಿಕಟ್ಟು ಕೊನೆಗೆ ಸಣ್ಣಗೆ ಅದುರುವುದು, ಇದು ಅಣ್ಣನ ಕೈ ಎಂದು ಆಗ ಗೊತ್ತಾಯಿತು. ಇಪ್ಪತ್ತೊಂಬತ್ತು. ಮೂವತ್ತು. ನಲವತ್ತೊಂದಕ್ಕೆ ಕೈ ತಾನಾಗಿ ನಿಂತಿತು.

“ಅಬ್ಬಾ” ಎಂದ ಹೀರೋ ಮೆಲ್ಲಗೆ.

“ಕಟ್” ಎಂದ ಅವನು. “ಬಾಗಿಲಿನ ಆಚೆ. ಕತ್ತಲು. ನಾಯಕ...”

“ಡಬ್ಬಿ” ಎಂದ ಪ್ರೊಫೆಸರ್ ತಲೆಯೆತ್ತದೆ. “ಡಬ್ಬಿ ಬಿಟ್ಟೆ.”

“ನಾಯಕ ನೀರಲ್ಲಿ ಸೊಂಟದವರೆಗೂ...”

“ಡಬ್ಬಿ ಬಿಟ್ಟೆಯಲ್ಲೋ!”

“ಯಾವ ಡಬ್ಬಿ?” ಎಂದ ಹೀರೋ.

“ಅದೇ ಸಾರ್ ಮಧ್ಯಂತರ” ಎಂದ ಪ್ರೊಫೆಸರ್. “ಬಾಗಿಲು ಹಾಕ್ದೋನು ಅಲ್ಲೇ ಕೂತು, ಆರಾಮಾಗಿ, ಡಬ್ಬಿ ತೆಗೆದು ಊಟ ಮಾಡ್ತಾನೆ. ಜನ ಎದ್ದು ತೆರೆಗೆ ಚಪ್ಪಲಿ ಎಸೀಬೇಕು.”

“ಥೂ, ನಾಯಿ ನನ್ಮಗ!” ಹೀರೋ ಸೋಫಾಕ್ಕೆ ಗುದ್ದಿದ. ಅವನ ಮುಖ ಕೆಂಪಾಗಿತ್ತು, ನಿಜವಾದ ಸಿಟ್ಟು, ಅದೇ ಅವನ ಕಸುಬು. “ಇವನನ್ನ ಕೊನೇಲಿ ನಾನು ಕೈಯಲ್ಲೇ ಮುಗಿಸ್ಬೇಕು. ಗನ್ನು ಗಿನ್ನು ಬೇಡ. ತಮ್ಮಾ, ಅದನ್ಯಾಕೆ ಬಿಟ್ಟೆ? ತೋರ್ಸು. ಹೇಗೆ ಉಂಡ ಅವನು?”

ನಿರ್ದೇಶಕನ ಮುಖ ಅರಳಿತು. ಕೆಲಸ ಆಯಿತು ಎನ್ನುವುದು ಆ ಮುಖದಲ್ಲಿ ಬರೆದಿತ್ತು, ಓದಲು ತುಟಿ ಅಲ್ಲಾಡಿಸಬೇಕಾಗಿರಲಿಲ್ಲ. ಎಲ್ಲರೂ ಅವನ ಬಲಗೈ ನೋಡುತ್ತಿದ್ದರು. ಕೈ ಆಗಲೇ ಎದ್ದಿತ್ತು. ಐದು ಬೆರಳೂ ಕೂಡಿಕೊಂಡು ತುತ್ತಿನ ಆಕಾರಕ್ಕೆ ಬಂದಿದ್ದವು. ಅಣ್ಣನ ತುತ್ತು, ಉಪ್ಪು ಕಮ್ಮಿಯಾದ ತುತ್ತು, ಗಂಟಲಿನ ಹತ್ತಿರ ಬಂದು ನಿಂತಿತ್ತು. ಬೇರೆ ದಾರಿ ಇತ್ತು, ಅದೂ ಹೊಳೆಯಿತು: ನಿಜ ಹೇಳಿಬಿಡುವುದು. ಅವನು ನಾಯಿ ಅಲ್ಲ, ಕೇಳಿ, ಮೊಳೆ ಬದಲಾಗಿತ್ತು, ಅದು ಯಾರ ಊಟ ಗೊತ್ತೇ, ಆ ಹೆಂಗಸು ಮುಚ್ಚಳ ತೆಗೆದು ಏನೆಂದಳು ಗೊತ್ತೇ. ಹೇಳಿದರೆ ಈ ಹಜಾರ ಅಳುತ್ತದೆ. ಹೀರೋ ಅಳುತ್ತಾನೆ, ಅಣ್ಣನಿಗೆ ಹಳದಿ ಚೀಟಿಯೂ ಸಿಗಬಹುದು. ಮೊದಲ ವಾರವೇ ಎದುರುಮನೆಯಾಕೆ ಹೋಗಿ ಕೂತು, ಇಷ್ಟು ದೊಡ್ಡ ತೆರೆಯ ಮೇಲೆ, ತನ್ನ ಗಂಡ ಹಸಿದುಕೊಂಡೇ ಸತ್ತದ್ದನ್ನು ನೋಡುತ್ತಾಳೆ. ಪ್ರೊಫೆಸರ್ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ. ಇವರಿಗೆ ಯಾವುದನ್ನು ಕೊಟ್ಟರೂ ಬೇಕು. ಸುಳ್ಳೂ ಬೇಕು, ನಿಜವೂ ಬೇಕು, ಎರಡಕ್ಕೂ ಇವರ ಹತ್ತಿರ ಚೀಟಿ ಇದೆ. ಕೊಡುವವನು ಇರುವವರೆಗೆ.

ಅವನು ಎದ್ದ.

“ನೀರು ಬೇಕೇನೋ?” ಎಂದ ನಿರ್ದೇಶಕ.

ಅವನು ಮೇಜಿನ ಅಂಚನ್ನು ಸುತ್ತಿ ಹೊರಟ. ಮೊದಲು ಯಾರಿಗೂ ಅರ್ಥವಾಗಲಿಲ್ಲ, ಇದೂ ಕಥೆಯ ಭಾಗ ಅಂದುಕೊಂಡಿರಬೇಕು. “ಲೋ ರೇಡಿಯೋ! ಎಲ್ಲಿಗೆ?” ನಿರ್ದೇಶಕನ ದನಿ ಹಿಂದಿನಿಂದ ಬಂತು, ಬೆದರಿದ ದನಿ. “ನಿನ್ನ ಹೆಸರು ಹಾಕ್ತೀವಿ ಅಂದಿಲ್ವೇನೋ, ಇನ್ನೇನು ಬೇಕೋ ನಿಂಗೆ?” ಪ್ರೊಫೆಸರ್ “ಬಿಡಿ ಸಾರ್, ತಲೆ ಕೆಟ್ಟಿದೆ, ನಾನು ಓದ್ತೀನಿ” ಎಂದು ಫೈಲು ತೆರೆದು ಓದತೊಡಗಿದ. ಬಾಗಿಲು ಮುಚ್ಚುತ್ತಾನೆ. ಡಬ್ಬಿ ತೆಗೆದು ಉಣ್ಣುತ್ತಾನೆ. ಅಂಗಡಿಯ ಸಾಮಾನಿನ ಪಟ್ಟಿ ಓದಿದ ಹಾಗೆ ಕೇಳಿಸಿತು. “ನೀವು ಸುಮ್ನಿರಿ ಸ್ವಲ್ಪ” ಎಂದ ಹೀರೋ.

ಮೆಟ್ಟಿಲಿಳಿದು ಹೂಕುಂಡಗಳ ನಡುವಿನ ದಾರಿಗೆ ಬಂದಾಗ ಹಿಂದೆ ಬರಿಗಾಲಿನ ಸದ್ದು ಕೇಳಿಸಿತು, ಒಂದು ಕಾಲು ಎಳೆದು ಹಾಕುವ ಸದ್ದು. ಹೀರೋ ತಾನೇ ಎದ್ದು ಬಂದಿದ್ದ. ಮೊಣಕಾಲಿಗೆ ಕಟ್ಟಿದ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ತಮ್ಮಾ. ಏ ತಮ್ಮಾ, ನಿಲ್ಲು. ನಾನು ಬೈದಿದ್ದಕ್ಕಾ?”

ಅವನು ನಿಲ್ಲಲಿಲ್ಲ.

“ಸರಿ, ಹೋಗು, ಹಿಡ್ಕೊಳಲ್ಲ. ಒಂದೇ ಒಂದು ಹೇಳ್ಬಿಟ್ಟು ಹೋಗು.” ಹೀರೋನ ದನಿ ತಗ್ಗಿತು. ತೆರೆಯ ಮೇಲೆ ಎಂದೂ ಕೇಳದ ದನಿ, ಕಥೆ ಅರ್ಧಕ್ಕೆ ನಿಂತರೆ ನಿದ್ದೆ ಬಾರದವರ ದನಿ. “ಆ ಡಬ್ಬಿ... ತುತ್ತು ಎತ್ತಿ ಬಾಯಿಗಿಡದೆ ಎದ್ಬಿಟ್ಟೆ ನೀನು. ಅದು ಅವನದಲ್ಲ ಅಲ್ವಾ? ಯಾರದು ಅದು?”

ಒಂದು ವರ್ಷದಲ್ಲಿ ಹನ್ನೊಂದು ಜನರ ಕೋಣೆಯಲ್ಲಿ ಒಬ್ಬರೂ ಕೇಳಿರದ ಪ್ರಶ್ನೆ. ಅವನ ಹೆಜ್ಜೆ ಒಂದು ಕ್ಷಣ ತಡೆಯಿತು. ಗಂಟಲು ತುಂಬ ಉತ್ತರವಿತ್ತು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎನ್ನುವುದೂ ಗೊತ್ತಿತ್ತು. ರಸ್ತೆಯಲ್ಲಿ ಐದೂವರೆಯ ಬಿಸಿಲು, ಕೆಲಸ ಬಿಟ್ಟ ಜನ, ಬಸ್ಸಿಗೆ ಓಡುವವರು. ಕೂಡಿಕೊಂಡೇ ಇದ್ದ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಿಂದಿರುಗಿ ನೋಡದೆ ಆ ಜನರೊಳಗೆ ನಡೆದುಹೋದ.